ರೀಮೇಕ್ ಆದ ಮೇಲೆ ಹಳೇ ಗೇಮ್‌ನ ಟ್ಯೂನ್ ಯಾಕೆ ಬೇರೆ ಥರ ಅನಿಸುತ್ತೆ?

ಚೌಕಅಲೆ

ಫೈನಲ್ ಫ್ಯಾಂಟಸಿ 7ರ ರೀಮೇಕ್, ಅದರ ಮುಂದಿನ ಭಾಗ ರೀಬರ್ತ್, ಎರಡನ್ನೂ ಆಡಿದವರು ಇಲ್ಲಿ ಸುಮಾರು ಜನ ಇದ್ದೀರಿ. ಗ್ರಾಫಿಕ್ಸ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಕಥೆ ಬದಲಾಯಿಸಿದ್ದಕ್ಕೆ ಜಗಳವನ್ನೂ ಆಡುತ್ತಾರೆ. ಸಂಗೀತದ ವಿಷಯ ಬಂದರೆ ಮಾತ್ರ "ಫುಲ್ ಆರ್ಕೆಸ್ಟ್ರಾ ಹಾಕಿದ್ದಾರೆ, ಸೂಪರ್" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅಷ್ಟು ಸಾಲದು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1997ರ ಮೂಲ ಗೇಮ್‌ಗೆ ಸಂಗೀತ ಕೊಟ್ಟವರು ನೊಬುವೊ ಉಯೆಮಾತ್ಸು. ಪ್ಲೇಸ್ಟೇಷನ್‌ನಲ್ಲಿ ಸಿಡಿ ಇತ್ತು, ಬೇಕಿದ್ದರೆ ರೆಕಾರ್ಡ್ ಮಾಡಿದ ಹಾಡನ್ನೇ ಸಿಡಿಯಿಂದ ಓಡಿಸಬಹುದಿತ್ತು. ಆದರೂ ಆ ಗೇಮ್‌ನ ಹೆಚ್ಚಿನ ಟ್ಯೂನ್‌ಗಳನ್ನು ಮೆಷಿನ್‌ನ ಸೌಂಡ್ ಚಿಪ್ಪೇ ಆಡುವ ಹೊತ್ತಿನಲ್ಲಿ ನುಡಿಸುತ್ತಿತ್ತು. ಒಟ್ಟು 24 ಚಾನೆಲ್ (ಒಂದು ಚಾನೆಲ್ ಅಂದರೆ ಒಂದು ಹೊತ್ತಿಗೆ ಒಂದು ದನಿ), ವಾದ್ಯಗಳ ಸ್ಯಾಂಪಲ್, ಅಂದರೆ ರೆಕಾರ್ಡ್ ಮಾಡಿದ ದನಿಯ ತುಂಡುಗಳನ್ನು, ಇಡೋಕೆ 512 ಕಿಲೋಬೈಟ್ ಜಾಗ. ಕತ್ತಿಯ ಸದ್ದು, ಮೆನುವಿನ ಟಿಕ್ ಟಿಕ್, ಎಲ್ಲವೂ ಅಷ್ಟರಲ್ಲೇ ಹಿಡಿಯಬೇಕು. ಕೊನೇ ಬಾಸ್ ಫೈಟ್‌ನಲ್ಲಿ (ದೊಡ್ಡ ಶತ್ರುವಿನ ಜೊತೆಗಿನ ಹೊಡೆದಾಟದಲ್ಲಿ) ಲ್ಯಾಟಿನ್ ಕೋರಸ್ ಬರುತ್ತಲ್ಲ, ಅದನ್ನು ಕೂಡ ಚಿಕ್ಕ ಚಿಕ್ಕ ತುಂಡು ಮಾಡಿ ಅದೇ ಜಾಗಕ್ಕೆ ತುರುಕಿದ್ದರು. ಆ ಕೋರಸ್‌ನಲ್ಲಿ ಹಾಡಿದವರಲ್ಲಿ ಮಸಾಶಿ ಹಮಾವುಜು ಒಬ್ಬರು. 2020ರ ರೀಮೇಕ್ ಬಂದಾಗ ಮಿತ್ಸುತೊ ಸುಜುಕಿ ಮತ್ತಿತರರ ಜೊತೆ ಸಂಗೀತದ ಹೊಣೆ ಹೊತ್ತವರೂ ಇದೇ ಹಮಾವುಜು. ಅಂದರೆ ಕೆಲಸ ಹೊರಗಿನವರ ಕೈಗೆ ಹೋಗಲಿಲ್ಲ. ಉಯೆಮಾತ್ಸು ಕೂಡ ಥೀಮ್ ಸಾಂಗ್ ಮಾಡಿಕೊಟ್ಟರು.

ರೀಮೇಕ್‌ನಲ್ಲಿ ಬದಲಾಗಿದ್ದು ವಾದ್ಯ ಮಾತ್ರ ಅಲ್ಲ, ಸಂಗೀತ ಗೇಮ್‌ಗೆ ಅಂಟಿಕೊಳ್ಳುವ ರೀತಿಯೇ ಬೇರೆ ಆಯಿತು. ಮೊದಲು ನಡೆಯುತ್ತಾ ಇರುತ್ತೀರಿ, ಪರದೆ ಗಿರ್ರನೆ ತಿರುಗುತ್ತೆ, ಆ ಊರಿನ ಟ್ಯೂನ್ ಕತ್ತರಿಸಿ ಯುದ್ಧದ ಟ್ಯೂನ್ ಶುರು. ಗೆದ್ದರೆ ಫ್ಯಾನ್‌ಫೇರ್, ಅಂದರೆ ಗೆಲುವಿನ ಪುಟ್ಟ ಟ್ಯೂನ್. ಈಗ ಒಂದೇ ಟ್ಯೂನ್‌ಗೆ ನಡೆಯುವಾಗಿನದ್ದೊಂದು, ಹೊಡೆದಾಡುವಾಗಿನದ್ದೊಂದು ರೂಪ ಮಾಡಿಟ್ಟಿರುತ್ತಾರೆ. ಶತ್ರು ಕಂಡ ತಕ್ಷಣ ಒಂದರಿಂದ ಇನ್ನೊಂದಕ್ಕೆ ಜಾರುತ್ತೆ, ಎಲ್ಲಿ ಬದಲಾಯಿತು ಅಂತಾನೇ ಗೊತ್ತಾಗಲ್ಲ. ತುಂಬಾ ಅಚ್ಚುಕಟ್ಟಾದ ಕೆಲಸ. ಫ್ಯಾನ್‌ಫೇರ್‌ಗೆ ಮಾತ್ರ ಜಾಗ ಉಳಿಯಲಿಲ್ಲ, ಅದಕ್ಕೆ ನಾಯಕನ ಜೊತೆಗಾರ ಬ್ಯಾರೆಟ್ ಫೈಟ್ ಮುಗಿದ ಮೇಲೆ ತಾನೇ ಆ ಟ್ಯೂನನ್ನು ಬಾಯಲ್ಲಿ ಹಾಡುತ್ತಾನೆ. ನನಗೆ ಬಹಳ ಇಷ್ಟವಾದ ಜಾಗ ಅದು.

ಆದರೆ ಮೂಲ ಗೇಮ್‌ನಲ್ಲಿ ನಾಯಕನ ಜೊತೆಗಿದ್ದ ಏರಿತ್ ಅನ್ನೋ ಹುಡುಗಿ ಸಾಯುವ ದೃಶ್ಯ ನೆನಪಿಸಿಕೊಳ್ಳಿ. ಅವಳ ಥೀಮ್, ಅಂದರೆ ಅವಳಿಗೆ ಅಂತಲೇ ಇರುವ ಟ್ಯೂನ್, ಶುರುವಾಗುತ್ತೆ. ಮರುಕ್ಷಣವೇ ಬಾಸ್ ಫೈಟ್. ಸಾಮಾನ್ಯವಾಗಿ ಬಾಸ್ ಬಂದರೆ ಟ್ಯೂನ್ ಬದಲಾಗುತ್ತೆ, ಇಲ್ಲಿ ಬದಲಾಗಲ್ಲ. ಅದೇ ನಿಧಾನದ ಪಿಯಾನೋ, ನೀವು ಬಟನ್ ಒತ್ತುತ್ತಾ ಹೊಡೆದಾಡುತ್ತಾನೇ ಇರುತ್ತೀರಿ. ಟ್ಯೂನ್ ಕಡಿದು ಬದಲಾಗೋದೇ ಆ ಗೇಮ್‌ನ ನಿಯಮ ಆಗಿದ್ದರಿಂದ, ಬದಲಾಗದೆ ಉಳಿದದ್ದು ಎದೆಗೆ ತಟ್ಟಿತು. ಸಂಗೀತ ಯಾವಾಗಲೂ ನಯವಾಗಿ ಹರಿಯುವ ಗೇಮ್‌ನಲ್ಲಿ ಈ ಏಟು ಕೊಡೋದು ಹೇಗೆ?

ನನ್ನ ಪ್ರಶ್ನೆ ಇದೇ. ರೀಮೇಕ್‌ನಲ್ಲಿ ಯಾವ ಗೇಮ್‌ನ ಸಂಗೀತ ನಿಮಗೆ ಹಿಡಿಸಿತು, ಯಾವುದು ಹಿಡಿಸಲಿಲ್ಲ, ಯಾಕೆ? ಸುಮ್ನೆ "ಹಳೇದೇ ಚಂದ" ಅನ್ನಬೇಡಿ, ಏನು ಚಂದ ಅಂತ ಬಿಡಿಸಿ ಹೇಳಿ.

ತುಂಗಾತೀರ

ನಾನು ರೀಮೇಕ್ ಪಕ್ಷ. ಕಾರಣ ಹೇಳುತ್ತೇನೆ.

ಝೆಲ್ಡಾ ಲಿಂಕ್ಸ್ ಅವೇಕನಿಂಗ್ ತಗೊಳ್ಳಿ. 1993ರಲ್ಲಿ ಗೇಮ್ ಬಾಯ್‌ಗೆ ಬಂದದ್ದು, 2019ರಲ್ಲಿ ನಿಂಟೆಂಡೊ ಸ್ವಿಚ್ ಮೆಷಿನ್‌ಗೆ ರೀಮೇಕ್. ಇಡೀ ಕಥೆ ನಿಂತಿರುವುದೇ ಸಂಗೀತದ ಮೇಲೆ. ಎಂಟು ವಾದ್ಯ ಹುಡುಕಬೇಕು. ಚೆಲ್ಲೋ, ಶಂಖದ ಕೊಂಬು, ಗಂಟೆ, ಹಾರ್ಪ್, ಮರಿಂಬಾ, ಟ್ರಯಾಂಗಲ್, ಆರ್ಗನ್, ಡ್ರಮ್. ಎಂಟೂ ಸೇರಿ ನುಡಿಸಿದರೆ ಮಲಗಿರುವ ವಿಂಡ್ ಫಿಶ್ ಏಳುತ್ತೆ. ಈಗ ಯೋಚಿಸಿ, ಗೇಮ್ ಬಾಯ್‌ನಲ್ಲಿ ಇದ್ದದ್ದು ನಾಲ್ಕೇ ಚಾನೆಲ್. ಪರದೆ ಮೇಲೆ "ಇದು ಚೆಲ್ಲೋ" ಅಂತ ಬರೆದಿರುತ್ತೆ, ಕೇಳಿಸೋದು ಬೀಪ್. ಆ ಕಾಲದ ಮಕ್ಕಳು ಚೆಲ್ಲೋವನ್ನು ಊಹಿಸಿಕೊಳ್ಳಬೇಕಿತ್ತು. ರೀಮೇಕ್‌ನಲ್ಲಿ ಒಂದೊಂದೇ ವಾದ್ಯ ಕೈಗೆ ಸಿಕ್ಕಾಗ ಅದರ ನಿಜವಾದ ದನಿ ಕೇಳುತ್ತೆ. ಕಥೆ ಹೇಳಬೇಕು ಅಂದುಕೊಂಡಿದ್ದನ್ನು ಯಂತ್ರಕ್ಕೆ ಹೇಳಲು ಆಗಿದ್ದು ಆಗಲೇ. ಇದನ್ನು ಬರೀ ಮೇಕಪ್ ಅನ್ನೋಕೆ ಆಗಲ್ಲ.

ಇನ್ನೊಂದು ವಿಷಯ. ರ್‍ಯೋ ನಗಮಾತ್ಸು ಅವರ ಆ ಹೊಸ ಸಂಗೀತದಲ್ಲಿ ದೊಡ್ಡ ಆರ್ಕೆಸ್ಟ್ರಾದ ಗದ್ದಲ ಇಲ್ಲ. ಕೆಲವೇ ವಾದ್ಯ, ಹತ್ತಿರ ಕೂತು ನುಡಿಸಿದ ಹಾಗೆ, ನಡುನಡುವೆ ಹಳೇ ಚಿಪ್ ಸದ್ದು ಕೂಡ. ಚಿತ್ರ ಹೇಗೆ ಆಟಿಕೆಯ ಹಾಗೆ ಪುಟ್ಟದಾಗಿದೆಯೋ ಸಂಗೀತವೂ ಹಾಗೇ ಇದೆ. ಎಷ್ಟು ಬೇಕೋ ಅಷ್ಟೇ ದೊಡ್ಡದು ಮಾಡಿದ್ದಾರೆ.

ಹಾರ್ಮೋನಿಯಂ_ಸುಬ್ಬು

@ತುಂಗಾತೀರ ನಿಮ್ಮ ಉದಾಹರಣೆ ಒಪ್ಪುತ್ತೇನೆ. ಆದರೆ "ಊಹಿಸಿಕೊಳ್ಳಬೇಕಿತ್ತು" ಅನ್ನೋ ಮಾತಿಗೆ ಸ್ವಲ್ಪ ತಕರಾರು ಇದೆ. ನಾನು ಕೀಬೋರ್ಡ್ ನುಡಿಸುವವನು, ಹಳೇ ಗೇಮ್ ಟ್ಯೂನ್‌ಗಳನ್ನು ಕೂತು ಬಿಡಿಸಿ ನೋಡಿದ್ದೇನೆ. ಅವು ದೊಡ್ಡ ಸಂಗೀತದ ಬಡ ನಕಲು ಅಲ್ಲ. ಚಿಪ್‌ಗೆ ಅಂತಲೇ ಕಟ್ಟಿದ ಸಂಗೀತ.

8-ಬಿಟ್ ನಿಂಟೆಂಡೊದಲ್ಲಿ ಏನಿತ್ತು? ಎರಡು ಚೌಕದ ಅಲೆ, ಒಂದು ತ್ರಿಕೋನದ ಅಲೆ (ದನಿಯ ಅಲೆಯ ಆಕಾರಗಳು ಇವು), ಒಂದು ಸರ್ರ್ ಅನ್ನುವ ನಾಯ್ಸ್, ಜೊತೆಗೆ ಒರಟಾದ ಒಂದು ಸ್ಯಾಂಪಲ್ ಚಾನೆಲ್. ತ್ರಿಕೋನದ ಅಲೆಗೆ ವಾಲ್ಯೂಮ್ ಏರಿಳಿಸುವ ಸೌಲಭ್ಯವೇ ಇಲ್ಲ, ಒಂದೋ ಆನ್ ಇಲ್ಲಾ ಆಫ್. ಅದಕ್ಕೇ ಆ ಗೇಮ್‌ಗಳ ಬೇಸ್ (ತಗ್ಗಿನ ಸ್ವರ) ಅಷ್ಟು ಗಟ್ಟಿಯಾಗಿ, ಕತ್ತರಿಸಿದ ಹಾಗೆ ಕೇಳೋದು. ಮೂರು ಸ್ವರ ಒಟ್ಟಿಗೆ ನುಡಿಸೋಕೆ ಚಾನೆಲ್ ಸಾಲಲ್ಲ, ಹಾಗಾಗಿ ಒಂದೇ ಚಾನೆಲ್‌ನಲ್ಲಿ ಮೂರನ್ನೂ ಒಂದರ ಹಿಂದೆ ಒಂದು ಸರಸರನೆ ಓಡಿಸುತ್ತಾರೆ, ಆಗ ಮಿರಿಮಿರಿ ಮಿನುಗುವ ಒಂದು ಸದ್ದು ಹುಟ್ಟುತ್ತೆ. ಪ್ರತಿಧ್ವನಿ ಬೇಕಾ? ಅದೇ ಟ್ಯೂನನ್ನು ಎರಡನೇ ಚಾನೆಲ್‌ನಲ್ಲಿ ಚೂರು ತಡವಾಗಿ, ಚೂರು ಮೆಲ್ಲಗೆ ನುಡಿಸು. ಮಾರಿಯೊ ಹಾರುವ ಸದ್ದಿಗೂ ಒಂದು ಚಾನೆಲ್ ಬೇಕು, ಆ ಕ್ಷಣ ಹಾಡಿನ ಒಂದು ಎಳೆ ಮಾಯವಾಗಿ ಮತ್ತೆ ಬರುತ್ತೆ. ಅಂದರೆ ನೀವು ಆಡುವ ರೀತಿ ಹಾಡಿನ ಒಳಗೇ ಕೇಳಿಸುತ್ತಿತ್ತು.

ಈಗ ಇದನ್ನು ನಲವತ್ತು ಪಿಟೀಲಿಗೆ ಬರೆದುಕೊಡಿ ಅಂದರೆ ಏನಾಗುತ್ತೆ? ಆ ಮಿನುಗು ಒಂದು ಸಾಮಾನ್ಯ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಚ್ಛ) ಆಗಿ ಚಪ್ಪಟೆ ಆಗುತ್ತೆ. ಪ್ರತಿಧ್ವನಿ ಹಾಲ್‌ನ ಗುಂಯ್‌ಗುಡುವಿಕೆಯಲ್ಲಿ ಕರಗುತ್ತೆ. ಖಾಲಿ ಇದ್ದ ಜಾಗಕ್ಕೆಲ್ಲ ಏನಾದರೂ ತುಂಬಬೇಕು ಅಂತ ಟ್ಯೂನನ್ನು ವಾದ್ಯಗಳಿಗೆ ಹೊಂದಿಸಿ ಬರೆಯುವ ಅರೇಂಜರ್‌ಗೆ ಅನಿಸುತ್ತೆ, ತುಂಬುತ್ತಾರೆ. ಒಂದು ಹಾರ್ಮೋನಿಯಂ, ಒಂದು ತಬಲಾ ಇಟ್ಟುಕೊಂಡು ಹಾಡಿದ ಭಾವಗೀತೆಗೆ ಆಮೇಲೆ ಸ್ಟುಡಿಯೋದಲ್ಲಿ ಸ್ಟ್ರಿಂಗ್ಸ್ ಎಲ್ಲ ಸೇರಿಸಿ ಹೊಸ ರೆಕಾರ್ಡಿಂಗ್ ಮಾಡಿದಾಗ ಮಾತೇ ಹಿಂದೆ ಸರಿಯುತ್ತಲ್ಲ, ಅದೇ ಆಗೋದು ಇಲ್ಲೂ.

ಆರ್ಕೆಸ್ಟ್ರಾ ಬೇಡ ಅನ್ನುತ್ತಿಲ್ಲ. ಡ್ರಾಗನ್ ಕ್ವೆಸ್ಟ್ ಇದೆ, ಕೊಯಿಚಿ ಸುಗಿಯಾಮ ಮೊದಲ ಗೇಮ್ ಬಂದ 1986ರಿಂದಲೇ ಅದರ ಟ್ಯೂನ್‌ಗಳನ್ನು ಆರ್ಕೆಸ್ಟ್ರಾಕ್ಕೆ ಬರೆಯುತ್ತಿದ್ದವರು. ಅವರ ತಲೆಯಲ್ಲಿ ಅದು ಮೊದಲಿಂದಲೂ ಆ ಥರದ ಸಂಗೀತವೇ. ಹಾಗಾಗಿ 11ನೇ ಭಾಗ 2017ರಲ್ಲಿ ಸಿಂಥ್ (ಎಲೆಕ್ಟ್ರಾನಿಕ್) ಸದ್ದಿನಲ್ಲಿ ಬಂದು, 2019ರ ಸ್ವಿಚ್ ಆವೃತ್ತಿಯಲ್ಲಿ ಆರ್ಕೆಸ್ಟ್ರಾ ಸಿಕ್ಕಾಗ ಜನ ಖುಷಿಪಟ್ಟರು. ಪ್ರತಿ ಗೇಮ್‌ಗೂ ಅದೇ ಮದ್ದು ಅಲ್ಲ ಅಷ್ಟೇ.

ರಾತ್ರಿಪಾಳಿ

ಹಾರರ್ ಗೇಮ್ ಬಗ್ಗೆ ಯಾರೂ ಬರೆದಿಲ್ಲ. ರೆಸಿಡೆಂಟ್ ಈವಿಲ್ 2, ಮೂಲ 1998, ರೀಮೇಕ್ 2019. ಇಲ್ಲಿ ಸಮಸ್ಯೆ ಉಲ್ಟಾ. ಸಂಗೀತ ದೊಡ್ಡದಾಗಲಿಲ್ಲ, ಕಡಿಮೆ ಆಯಿತು. ಹಳೇ ಗೇಮ್‌ನ ಪೊಲೀಸ್ ಸ್ಟೇಷನ್‌ನಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ಟ್ಯೂನ್ ಇರುತ್ತಿತ್ತು. ಹೊಸದರಲ್ಲಿ ಬಹುಪಾಲು ಹೊತ್ತು ಗುಂಯ್ ಅನ್ನುವ ಗಾಳಿ, ಎಲ್ಲೋ ಕಿರ್ ಅನ್ನುವ ಬಾಗಿಲು.

ಮೊದಲು ಕೋಪ ಬಂತು. ಆಮೇಲೆ ಆಡ್ತಾ ಆಡ್ತಾ ಕಾರಣ ಗೊತ್ತಾಯಿತು. ಮಿಸ್ಟರ್ ಎಕ್ಸ್ ಅನ್ನೋ ದೈತ್ಯ ಶತ್ರು ಕಟ್ಟಡದೊಳಗೆ ಓಡಾಡುತ್ತಿರುತ್ತಾನೆ, ಮೇಲಿನ ಮಹಡಿಯಲ್ಲಿ ಧಪ್ ಧಪ್ ಹೆಜ್ಜೆ. ಎಡಕ್ಕಾ, ಬಲಕ್ಕಾ, ಎಷ್ಟು ದೂರ, ಅದನ್ನು ಕಿವಿಯಿಂದಲೇ ತಿಳಿಯಬೇಕು. ಅಲ್ಲಿ ಒಂದು ಟ್ಯೂನ್ ಓಡುತ್ತಿದ್ದರೆ ನೀವು ಸತ್ತ ಹಾಗೇ. ಅವನು ಹತ್ತಿರ ಬಂದು ಬೆನ್ನು ಹತ್ತಿದಾಗ ಸಂಗೀತ ಏಳುತ್ತೆ, ಅದಕ್ಕೆ ಮುಂಚೆ ಹೆಜ್ಜೆಯೇ ಸಂಗೀತ. ಹಳೇ ಗೇಮ್‌ನಲ್ಲಿ ಕ್ಯಾಮೆರಾ ಒಂದು ಮೂಲೆಯಲ್ಲಿ ನಿಂತಿರುತ್ತಿತ್ತು, ಮುಂದೆ ಏನಿದೆ ಕಾಣುತ್ತಿರಲಿಲ್ಲ, ಆ ಕಾಣದ ಭಯವನ್ನು ಟ್ಯೂನ್ ಹೊತ್ತುಕೊಂಡಿತ್ತು. ಕ್ಯಾಮೆರಾ ಭುಜದ ಹಿಂದೆ ಬಂದ ಮೇಲೆ ಆ ಕೆಲಸ ಬೇರೆ ಕೈಗೆ ಹೋಯಿತು. ನನ್ನ ಪ್ರಕಾರ ಇದು ಸರಿಯಾದ ಬದಲಾವಣೆ.

ಹಳೇ ಸಂಗೀತ ಬೇಕು ಅನ್ನುವವರಿಗೆ ಡೀಲಕ್ಸ್ ಎಡಿಷನ್‌ನಲ್ಲಿ, ಅಥವಾ ಬೇರೆಯಾಗಿ ಕೊಂಡು ಗೇಮ್‌ಗೆ ಸೇರಿಸುವ ಡಿಎಲ್‌ಸಿಯಲ್ಲಿ ಮೂಲ ಸೌಂಡ್‌ಟ್ರ್ಯಾಕ್ ಕೊಟ್ಟರು. 2023ರ ರೆಸಿಡೆಂಟ್ ಈವಿಲ್ 4 ರೀಮೇಕ್‌ಗೂ ಹಾಗೇ. ಕೊಟ್ಟಿದ್ದು ಒಳ್ಳೇದು. ಆದರೆ ಆ ಗೇಮ್‌ನ ನೆನಪೇ ಆ ಟ್ಯೂನ್‌ಗಳು, ಅದಕ್ಕೆ ಬೇರೆ ದುಡ್ಡು ಕೊಡಬೇಕಾ ಅನ್ನೋದು ನನ್ನ ಬೇಸರ.

ಸೈಲೆಂಟ್ ಹಿಲ್ 2 ಆಡಿದವರು ಯಾರಾದರೂ ಬರೆಯಿರಿ. 2001ರ ಸಂಗೀತ ಮಾಡಿದ ಅಕಿರಾ ಯಾಮಾಓಕಾ ಅವರೇ 2024ರ ರೀಮೇಕ್‌ಗೂ ಕೂತು ತಮ್ಮ ಸಂಗೀತವನ್ನೇ ಹೊಸದಾಗಿ ಮಾಡಿದರು. ಆ ಮಂಜು ಮುಸುಕಿದ ಊರು ಅವರ ಗಿಟಾರ್ ಇಲ್ಲದೆ ನನಗೆ ಊಹಿಸೋಕೂ ಆಗಲ್ಲ.

ತುಂಗಾತೀರ

ಬೇರೆ ದುಡ್ಡು ಕೇಳದೆ ಕೊಟ್ಟವರೂ ಇದ್ದಾರೆ. ಸೂಪರ್ ಮಾರಿಯೊ ಆರ್‌ಪಿಜಿ, 1996ರ ಗೇಮ್, 2023ರ ರೀಮೇಕ್‌ಗೆ ಮೂಲ ಸಂಗೀತಗಾರ್ತಿ ಯೋಕೊ ಶಿಮೊಮುರಾ ಅವರೇ ಮತ್ತೆ ಕೂತು ಹೊಸದು ಮಾಡಿದರು, ಮೆನುವಿನಲ್ಲಿ ಹಳೇದಕ್ಕೆ ಬದಲಾಯಿಸುವ ಆಯ್ಕೆ ಇದೆ. ಫೈನಲ್ ಫ್ಯಾಂಟಸಿಯ ಮೊದಲ ಆರು ಭಾಗಗಳ ಪಿಕ್ಸೆಲ್ ರೀಮಾಸ್ಟರ್ 2021, 2022ರಲ್ಲಿ ಬಂದಾಗ ಹೊಸ ಸಂಗೀತ ಮಾತ್ರ ಇತ್ತು, 2023ರಲ್ಲಿ ಕನ್ಸೋಲ್‌ಗೆ ಬಂದಾಗ ಹಳೇದಕ್ಕೆ ಬದಲಾಯಿಸುವ ಆಯ್ಕೆಯನ್ನೂ ಕೊಟ್ಟರು. ಸ್ಪೈರೊ ಟ್ರಿಲಜಿಯ ರೀಮೇಕ್‌ನಲ್ಲೂ ಆ ಆಯ್ಕೆ ಇದೆ. ಅದರ ಮೂಲ ಸಂಗೀತ ದಿ ಪೊಲೀಸ್ ಬ್ಯಾಂಡ್‌ನ ಡ್ರಮ್ಮರ್ ಸ್ಟುವರ್ಟ್ ಕೋಪ್‌ಲ್ಯಾಂಡ್ ಅವರದ್ದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪೋಕೆಮಾನ್ ಹಾರ್ಟ್‌ಗೋಲ್ಡ್, ಸೋಲ್‌ಸಿಲ್ವರ್, 2009. ಅಲ್ಲಿ ಹಳೇ ಸಂಗೀತ ಮೆನುವಿನಲ್ಲಿ ಇಲ್ಲ, ಗೇಮ್‌ನೊಳಗೆ ಒಂದು ವಸ್ತುವಾಗಿ ಸಿಗುತ್ತೆ. ಜಿಬಿ ಸೌಂಡ್ಸ್ ಅಂತ. ಅದನ್ನು ಆನ್ ಮಾಡಿದರೆ ಇಡೀ ಪ್ರಪಂಚ ಗೇಮ್ ಬಾಯ್ ಸದ್ದಿಗೆ ತಿರುಗುತ್ತೆ.

ವೈಸ್‌ಸಿಟಿ_ವಿಜಿ

ನೀವೆಲ್ಲ ಟ್ಯೂನನ್ನು ಹೇಗೆ ನುಡಿಸಿದರು ಅಂತ ಮಾತಾಡುತ್ತಿದ್ದೀರಿ. ಟ್ಯೂನೇ ಹೋದರೆ?

ಜಿಟಿಎ ವೈಸ್ ಸಿಟಿ, 2002. ಕಥೆ ನಡೆಯೋದು 1986ರಲ್ಲಿ. ಕಾರು ಹತ್ತಿದರೆ ಆ ಕಾಲದ ನಿಜವಾದ ಹಾಡುಗಳು ರೇಡಿಯೋದಲ್ಲಿ ಬರುತ್ತವೆ. ಆ ಹಾಡುಗಳಿಂದಲೇ ಆ ಕಾಲ ಕಣ್ಣಿಗೆ ಕಟ್ಟೋದು. ಆದರೆ ಹಾಡು ಬಳಸುವ ಲೈಸೆನ್ಸ್ ಶಾಶ್ವತ ಅಲ್ಲ, ಅವಧಿ ಮುಗಿದರೆ ಮತ್ತೆ ಹಣ ಕೊಟ್ಟು ಒಪ್ಪಂದ ಮಾಡಬೇಕು, ಇಲ್ಲಾ ತೆಗೆಯಬೇಕು. 2014ರಲ್ಲಿ ಜಿಟಿಎ ಸ್ಯಾನ್ ಆಂಡ್ರಿಯಾಸ್‌ಗೆ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಬಂದ ಅಪ್‌ಡೇಟ್‌ನಲ್ಲಿ ಹಾಡುಗಳನ್ನು ಕಿತ್ತರು. 2018ರಲ್ಲಿ ಜಿಟಿಎ 4ರ ರಷ್ಯನ್ ಸ್ಟೇಷನ್‌ನ ಬಹಳಷ್ಟು ಹಾಡು ಹೋಯಿತು. ವೈಸ್ ಸಿಟಿಯ 2021ರ ಡೆಫಿನಿಟಿವ್ ಎಡಿಷನ್‌ನಲ್ಲಿ ಮೈಕೆಲ್ ಜಾಕ್ಸನ್ ಹಾಡುಗಳೇ ಇಲ್ಲ! ಸ್ಕೇಟ್‌ಬೋರ್ಡ್ ಗೇಮ್ ಟೋನಿ ಹಾಕ್ 3 ಮತ್ತು 4 ಸೇರಿಸಿ 2025ರಲ್ಲಿ ತಂದ ರೀಮೇಕ್‌ನಲ್ಲಿ ಹಳೇ ಹಾಡುಗಳಲ್ಲಿ ಉಳಿದದ್ದು ಕೆಲವೇ. ಇಲ್ಲಿ ಅರೇಂಜರ್ ಏನು ಮಾಡಬೇಕು ಅನ್ನೋ ಪ್ರಶ್ನೆಯೇ ಬರಲ್ಲ, ವಕೀಲರ ಮೇಜಿನ ಮೇಲೆ ನಿರ್ಧಾರ ಆಗುತ್ತೆ.

ನಮ್ಮ ಕಡೆ ಇನ್ನೊಂದು ಕಥೆ ಇದೆ. ಸೈಬರ್ ಸೆಂಟರ್‌ಗಳಲ್ಲಿ ಓಡುತ್ತಿದ್ದ ವೈಸ್ ಸಿಟಿ ಎಷ್ಟೋ ಕಡೆ "ರಿಪ್" ಕಾಪಿ. ಸೈಜ್ ಇಳಿಸೋಕೆ ರೇಡಿಯೋ ಫೈಲ್‌ಗಳನ್ನೇ ತೆಗೆದಿರುತ್ತಿದ್ದರು. ಇಡೀ ವೈಸ್ ಸಿಟಿಯನ್ನು ಇಂಜಿನ್ ಸದ್ದು ಮತ್ತು ಪೊಲೀಸ್ ಸೈರನ್ ಕೇಳುತ್ತಲೇ ಮುಗಿಸಿದ ನನ್ನಂಥವರು ಮೈಸೂರು, ಹಾಸನ, ದಾವಣಗೆರೆಯಲ್ಲೆಲ್ಲ ಸಿಗುತ್ತಾರೆ. ಕೆಲಸಕ್ಕೆ ಸೇರಿದ ಮೇಲೆ ದುಡ್ಡು ಕೊಟ್ಟು ಕೊಂಡಾಗ ಮೊದಲ ಸಲ ರೇಡಿಯೋ ಕೇಳಿದೆ. ಸಂಜೆ ಬೆಳಕಲ್ಲಿ ಬೀಚ್ ರಸ್ತೆಯಲ್ಲಿ ಕಾರು ಓಡಿಸುತ್ತಾ ಸ್ಟೇಷನ್ ಬದಲಾಯಿಸುತ್ತಾ ಇದ್ದೆ, ಮಿಷನ್ ಕಡೆ ಹೋಗಲೇ ಇಲ್ಲ. ಅದಕ್ಕೇ ಹಾಡು ತೆಗೆದಾಗ ನನಗೆ ಅಷ್ಟು ಸಂಕಟ ಆಗೋದು.

ಚೌಕಅಲೆ

@ವೈಸ್‌ಸಿಟಿ_ವಿಜಿ ಒಳ್ಳೇ ಮಾತು. ಲೈಸೆನ್ಸ್ ಅಲ್ಲದೆ ಬೇರೆ ಕಾರಣಕ್ಕೂ ಸಂಗೀತ ಬದಲಾಗಿದೆ. 1998ರ ಝೆಲ್ಡಾ ಆಕರೀನಾ ಆಫ್ ಟೈಮ್‌ನ ಮೊದಲ ಕಾರ್ಟ್ರಿಜ್‌ಗಳಲ್ಲಿ ಫೈರ್ ಟೆಂಪಲ್ ಒಳಗೆ ಇಸ್ಲಾಮಿಕ್ ಪ್ರಾರ್ಥನೆಯ ದನಿ ಇತ್ತು. ಅದು ಸಂಗೀತಗಾರರೆಲ್ಲ ಕೊಂಡು ಬಳಸುವ ಸ್ಯಾಂಪಲ್ ಲೈಬ್ರರಿಯೊಂದರಿಂದ ತೆಗೆದದ್ದು. ಆಮೇಲಿನ ಮುದ್ರಣವೊಂದರಲ್ಲಿ ಅದನ್ನು ತೆಗೆದು ಸಿಂಥ್ ಕೋರಸ್ ಹಾಕಿದರು. ಆಮೇಲೆ ಬಂದ ಎಲ್ಲ ಆವೃತ್ತಿಗಳಲ್ಲೂ ಅದೇ. ಯಾರದ್ದೋ ಪ್ರಾರ್ಥನೆ ಅದು, ತೆಗೆದದ್ದು ಸರಿ ಅಂತ ನನಗೆ ಅನಿಸುತ್ತೆ.

@ಹಾರ್ಮೋನಿಯಂ_ಸುಬ್ಬು ಖಾಲಿ ಜಾಗ ತುಂಬೋದು ಅಂದಿರಲ್ಲ, ಡೀಮನ್ಸ್ ಸೋಲ್ಸ್ ಅದಕ್ಕೇ ಉದಾಹರಣೆ. 2009ರಲ್ಲಿ ಶುನ್‌ಸುಕೆ ಕಿಡಾ ಮಾಡಿದ ಸಂಗೀತ ವಿಚಿತ್ರವಾಗಿತ್ತು, ಒಣಗಿದ ಹಾಗೆ, ಅಲ್ಲಲ್ಲಿ ಸರಿಯಿಲ್ಲ ಅನ್ನಿಸುವ ಹಾಗೆ. ಆ ಪ್ರಪಂಚವೇ ಹಾಗಿತ್ತು. 2020ರ ಪಿಎಸ್5 ರೀಮೇಕ್‌ನಲ್ಲಿ ಎಲ್ಲದಕ್ಕೂ ಭಾರೀ ಆರ್ಕೆಸ್ಟ್ರಾ, ಭಾರೀ ಕೋರಸ್. ನುಡಿಸಿದವರ ಕೈಚಳಕದಲ್ಲಿ ದೋಷ ಇಲ್ಲ. ಆದರೆ ಈಗ ಅದು ಬೇರೆ ಹತ್ತು ಫ್ಯಾಂಟಸಿ ಗೇಮ್‌ಗಳ ಹಾಗೆ ಕೇಳುತ್ತೆ. ರೀಮೇಕ್ ಮಾಡಿದ ಬ್ಲೂಪಾಯಿಂಟ್ ಸ್ಟುಡಿಯೋವೇ 2018ರಲ್ಲಿ ಶ್ಯಾಡೋ ಆಫ್ ದಿ ಕೊಲೊಸಸ್ ರೀಮೇಕ್ ಮಾಡಿದಾಗ ಕೋ ಓತಾನಿ ಅವರ ಮೂಲ ಸಂಗೀತವನ್ನು ಹಾಗೇ ಉಳಿಸಿಕೊಂಡಿತ್ತು. ಚಿತ್ರವೆಲ್ಲ ಹೊಸದು, ಸಂಗೀತ ಹಳೇದು, ಎಲ್ಲೂ ಅಪಸ್ವರ ಅನಿಸಲಿಲ್ಲ.

ಟಿವಿಗೇಮ್_ತಮ್ಮಯ್ಯ

ಎಲ್ಲರೂ "ಮೂಲ" "ಮೂಲ" ಅನ್ನುತ್ತಿದ್ದೀರಿ. ನಾವು ಇಲ್ಲಿ ಕೇಳಿದ್ದು ಮೂಲ ಹೌದಾ?

90ರ ದಶಕದಲ್ಲಿ ನಮ್ಮ ಮನೆಗಳಲ್ಲಿ ಇದ್ದ ಟಿವಿ ಗೇಮ್‌ಗಳು ಬಹುಪಾಲು ನಿಂಟೆಂಡೊ ಫ್ಯಾಮಿಕಾಮ್‌ನ ನಕಲು, ಹಳದಿ ಕ್ಯಾಸೆಟ್ ಹಾಕಿ ಕಾಂಟ್ರಾ, ಮಾರಿಯೊ ಆಡಿದ್ದು ಅದರಲ್ಲೇ. ಆಗ ಭಾರತದ ಟಿವಿ ಪಾಲ್ ಪದ್ಧತಿಯದ್ದು, ಸೆಕೆಂಡಿಗೆ 50 ಸಲ ಪರದೆ ಬದಲಾಗುತ್ತಿತ್ತು. ಜಪಾನ್, ಅಮೆರಿಕದಲ್ಲಿ 60. ಆ ಗೇಮ್‌ಗಳಲ್ಲಿ ಹೆಚ್ಚಿನವು ಪರದೆ ಒಮ್ಮೆ ಬದಲಾದಾಗ ಸಂಗೀತವನ್ನು ಒಂದು ಹೆಜ್ಜೆ ಮುಂದೆ ತಳ್ಳುತ್ತವೆ. 60ಕ್ಕೆ ಬರೆದ ಗೇಮನ್ನು 50ರಲ್ಲಿ ಓಡಿಸಿದರೆ ಸಂಗೀತ ಸುಮಾರು ಶೇ. 17 ನಿಧಾನ ಆಗುತ್ತೆ. ಗೇಮ್ ಕೂಡ ಅಷ್ಟೇ ನಿಧಾನ. ಯುರೋಪಿಗೆ ಅಂತ ಅಧಿಕೃತವಾಗಿ ಮಾಡಿದ ಕೆಲವು ಕ್ಯಾಸೆಟ್‌ಗಳಲ್ಲಿ ಇದನ್ನು ಸರಿ ಮಾಡಿದ್ದರು. ನಮಗೆ ಬಂದದ್ದು ಆ ಕ್ಯಾಸೆಟ್ ಅಲ್ಲ.

ಹಾಗಾಗಿ ನನ್ನ ತಲೆಯಲ್ಲಿ ಇರುವ ಕಾಂಟ್ರಾ ಮೊದಲ ಲೆವೆಲ್‌ನ ಟ್ಯೂನ್ ನಿಧಾನದ್ದು. ಈಗ ಯೂಟ್ಯೂಬ್‌ನಲ್ಲಿ ಮೂಲ ಕೇಳಿದರೆ ಯಾರೋ ಫಾಸ್ಟ್ ಫಾರ್ವರ್ಡ್ ಒತ್ತಿದ ಹಾಗಿದೆ. ನನಗೆ ಅದೇ ರೀಮೇಕ್!

ಡಲ್ಲಾಸ್_ದೊಡ್ಡಬಳ್ಳಾಪುರ

ಅಯ್ಯೋ ಇದು ನಿಜ. ಇಲ್ಲಿ ಅಮೆರಿಕದಲ್ಲಿ ಸಹೋದ್ಯೋಗಿಗಳ ಜೊತೆ ಹಳೇ ಮಾರಿಯೊ ಹಾಕಿದಾಗ ವೇಗ ಮಾತ್ರ ಅಲ್ಲ, ದನಿಯ ಬಣ್ಣವೂ ಬೇರೆ ಅನಿಸಿತು. ಅದು ಕೂಡ 50, 60ರ ವಿಷಯವಾ? ಅಥವಾ ನನ್ನ ಕಿವಿಯ ಭ್ರಮೆಯಾ?

ಹಾರ್ಮೋನಿಯಂ_ಸುಬ್ಬು

ಭ್ರಮೆ ಅಲ್ಲ. ಚೌಕದ ಅಲೆಗೆ ಅಗಲ ಅಂತ ಒಂದು ಇರುತ್ತೆ. ಒಂದು ಸುತ್ತಿನಲ್ಲಿ ಎಷ್ಟು ಭಾಗ ಅಲೆ ಮೇಲಿರುತ್ತೆ ಅನ್ನೋದು. ಅರ್ಧ ಭಾಗ ಮೇಲಿದ್ದರೆ ದುಂಡಗಿನ ದನಿ, ಕಾಲು ಭಾಗ ಇದ್ದರೆ ಸ್ವಲ್ಪ ಮೂಗಿನ ದನಿ. ಕೆಲವು ನಕಲು ಚಿಪ್‌ಗಳಲ್ಲಿ ಇವೆರಡೂ ಅದಲುಬದಲು ಆಗಿದ್ದವು. ಗೇಮ್ ದುಂಡಗಿನದು ಕೇಳಿದರೆ ಚಿಪ್ ಮೂಗಿನದು ಕೊಡುತ್ತೆ. ಸ್ವರ ಅದೇ, ಬಣ್ಣ ಬೇರೆ. ನಿಮ್ಮ ಮನೆಯಲ್ಲಿ ಇದ್ದದ್ದು ಅಂಥ ಮೆಷಿನ್ ಇರಬಹುದು.

ಚೌಕಅಲೆ

ಇದನ್ನು ಓದಿದ ಮೇಲೆ ನನ್ನ ಮಾತನ್ನು ಇನ್ನೂ ಸ್ಪಷ್ಟವಾಗಿ ಹೇಳಬಹುದು. ವೇಗ ತಪ್ಪಿತ್ತು, ದನಿಯ ಬಣ್ಣ ತಪ್ಪಿತ್ತು, ಟಿವಿ ಸ್ಪೀಕರ್ ಬೇರೆ ಒಡೆದ ದನಿಯದ್ದು. ಆದರೂ ಕಾಂಟ್ರಾ ಟ್ಯೂನ್ ಶುರುವಾದರೆ ಬೆರಳು ತಾನಾಗೇ ಟ್ರಿಗರ್ ಕಡೆ ಹೋಗುತ್ತಿತ್ತು. ಅಂದರೆ ವಾದ್ಯ ಬದಲಾದರೆ ಟ್ಯೂನ್ ಸಾಯಲ್ಲ. ಆ ಜಾಗದಲ್ಲಿ ಟ್ಯೂನ್ ಮಾಡುತ್ತಿದ್ದ ಕೆಲಸ ಏನು, ಓಡಿಸೋದಾ, ಹೆದರಿಸೋದಾ, ಏರಿತ್ ದೃಶ್ಯದ ಹಾಗೆ ಬದಲಾಗದೆ ನಿಲ್ಲೋದಾ, ಅದು ಅರೇಂಜರ್‌ಗೆ ಗೊತ್ತಿರಬೇಕು. ಲಿಂಕ್ಸ್ ಅವೇಕನಿಂಗ್ ಮಾಡಿದವರಿಗೆ ಗೊತ್ತಿತ್ತು. ರೆಸಿಡೆಂಟ್ ಈವಿಲ್ 2 ಮಾಡಿದವರು ಆ ಕೆಲಸವನ್ನು ಹೆಜ್ಜೆ ಸದ್ದಿಗೆ ವಹಿಸಿದರು. ಡೀಮನ್ಸ್ ಸೋಲ್ಸ್‌ನಲ್ಲಿ ನನಗೆ ಅದು ಕಾಣಲಿಲ್ಲ. ಜೊತೆಗೆ ಹಳೇದಕ್ಕೆ ಬದಲಾಯಿಸುವ ಆಯ್ಕೆ ಇರಲಿ, ಪುಕ್ಕಟೆಯಾಗಿ.

@ಟಿವಿಗೇಮ್_ತಮ್ಮಯ್ಯ ನಾವು ಕೇಳಿದ ಆ ನಿಧಾನದ ರೂಪ ಮತ್ತೆ ಕೇಳೋಕೆ ದಾರಿ ಇದೆಯಾ?

ಟಿವಿಗೇಮ್_ತಮ್ಮಯ್ಯ

ಇದೆ. ಮೆಸೆನ್ ಅನ್ನೋ ಎಮ್ಯುಲೇಟರ್‌ನಲ್ಲಿ (ಹಳೇ ಮೆಷಿನ್‌ನ ಹಾಗೇ ನಡೆಯುವ ಕಂಪ್ಯೂಟರ್ ಪ್ರೋಗ್ರಾಂ) ರೀಜನ್ ಸೆಟ್ಟಿಂಗ್‌ಗೆ ಹೋಗಿ "ಡೆಂಡಿ" ಆರಿಸಿ. ಡೆಂಡಿ ಅನ್ನೋದು ರಷ್ಯಾದಲ್ಲಿ ಮಾರುತ್ತಿದ್ದ ಇದೇ ಥರದ ನಕಲು ಮೆಷಿನ್. 50ರಲ್ಲಿ ಓಡುತ್ತೆ, ಶ್ರುತಿ ಮಾತ್ರ ಹೆಚ್ಚು ಕಡಿಮೆ ಮೂಲದ್ದೇ ಇರುತ್ತೆ. ಬರೀ "ಪಾಲ್" ಆರಿಸಿದರೆ ಶ್ರುತಿಯೂ ಇಳಿಯುತ್ತೆ, ಅದು ನಮ್ಮ ಸದ್ದಲ್ಲ. ಆಡಿಯೋ ಸೆಟ್ಟಿಂಗ್‌ನಲ್ಲಿ ಚೌಕದ ಅಲೆಗಳ ಡ್ಯೂಟಿ ಸೈಕಲ್ (ಸುಬ್ಬು ಹೇಳಿದ ಅಗಲ) ಅದಲುಬದಲು ಮಾಡುವ ಟಿಕ್ ಕೂಡ ಇದೆ. ಮೊದಲು ಅದಿಲ್ಲದೆ ಕೇಳಿ, ಆಮೇಲೆ ಹಾಕಿ ಕೇಳಿ. ನಿಮ್ಮ ಮನೆಯ ಮೆಷಿನ್‌ಗೆ ಯಾವುದು ಹೊಂದುತ್ತೆ ಅಂತ ಇಲ್ಲೇ ಬರೆಯಿರಿ. ಮೆಷಿನ್‌ನ ಬ್ರ್ಯಾಂಡ್ ನೆನಪಿದ್ದರೆ ಅದನ್ನೂ ಹಾಕಿ. ಯಾವ ಮೆಷಿನ್‌ನಲ್ಲಿ ಯಾವ ಸದ್ದು ಇತ್ತು ಅಂತ ಒಂದು ಪಟ್ಟಿ ಮಾಡೋಣ.